ಒಂದೂವರೆ ಪಟ್ಟಿನ ಮಸುಕು

ಸ್ಟೇಶನ್ ಬಜಾರದಿಂದ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಆ ದೊಡ್ಡ ಮಾನಿಟರ್ ತಂದದ್ದು ಕಾಕಾನ ಸಲುವಾಗಿ. ಕಮಲಾಪುರದಲ್ಲಿ ಪೌರೋಹಿತ್ಯ ಮಾಡುವ ಕಾಕಾ, ನಾನು ಪುಟ ಕಟ್ಟುವ ಸ್ತೋತ್ರದ ಪುಸ್ತಕಗಳ ಕರಡು ತಿದ್ದಲು ಬಸ್ಸು ಹಿಡಿದು ಕಲಬುರಗಿಗೆ ಬರುತ್ತಾರೆ. ಕರಡು ನೋಡುವುದೆಂದರೆ ಪರದೆಯ ಮೇಲಿದ್ದದ್ದನ್ನು ಅವರು ಗಟ್ಟಿಯಾಗಿ ಓದುವುದು, ನಾನು ಹಳೆಯ ಪ್ರತಿಯ ಮೇಲೆ ಬೆರಳಿಟ್ಟು ಹೋಲಿಸುವುದು.

ಆ ಫೋರ್‌ಕೆ ಪರದೆಗೂ ನನ್ನ ಕಂಪ್ಯೂಟರಿನ ಲಿನಕ್ಸಿಗೂ ಹೊಂದಿಕೆಯಾಗಲಿಲ್ಲ. ಮೊದಲು ಅಕ್ಷರಗಳು ಸಾಸಿವೆಕಾಳಿನಷ್ಟಾದವು. ಒಂದೂವರೆ ಪಟ್ಟು ಹಿಗ್ಗಿಸಿದೆ. ಉಳಿದೆಲ್ಲ ಚೆನ್ನಾಗಿಯೇ ಕಂಡಿತು. ಪುಟ ಕಟ್ಟುವ ನನ್ನ ಹಳೆಯ ತಂತ್ರಾಂಶದಲ್ಲಿ ಮಾತ್ರ ಅಕ್ಷರ ಮಸುಕು. ಇರಲಾರದೆ ಇರುವೆ ಬಿಟ್ಟುಕೊಂಡಿದ್ದೆ.

ಓದುತ್ತಿದ್ದ ಕಾಕಾ ಮೂರನೆಯ ಸ್ತೋತ್ರದ ನಡುವೆ ನಿಲ್ಲಿಸಿಬಿಟ್ಟರು. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಹಾಕಿಕೊಂಡು ನೋಡಿ ಮತ್ತೆ ಒರೆಸಿದರು.

"ನನ್ನ ಕಣ್ಣೇ ಹೋದವೇನವ್ವ?"

ಸಕ್ಕರೆ ಕಾಯಿಲೆ ಅವರಿಗೆ ಬಹಳ ವರ್ಷದ್ದು. ಅದು ಕಣ್ಣಿಗಿಳಿದರೆ ಒಬ್ಬರನ್ನೇ ಹೊಸ್ತಿಲು ದಾಟಲು ಬಿಡುವುದಿಲ್ಲವೆಂದು ಅವರ ಹೆಂಡತಿ, ನಮ್ಮ ಕಾಕು, ಮೊದಲೇ ಹೇಳಿದ್ದರು. ಪೂಜೆಗೆಂದು ಊರೂರು ತಿರುಗುವುದನ್ನು ಬಿಟ್ಟು ಮನೆಯಲ್ಲಿ ಕೂಡುವ ಜನ ಅವರಲ್ಲ.

"ಕಣ್ಣಲ್ಲ ಕಾಕಾ, ಈ ಪರದಾದ್ದೇ ತಪ್ಪು. ಈಗ ಸರಿ ಮಾಡ್ತೀನಿ, ನೋಡ್ರಿ."

"ನಿಮ್ಮ ಕಾಕೂಗ ಮಾತ್ರ ಹೇಳಬ್ಯಾಡ."

ಹೇಳುವಂಥದ್ದೇನೂ ಇರಬಾರದೆಂದೇ ನನ್ನ ಹಟ. ಸೆಟ್ಟಿಂಗ್ಸಿಗೆ ಹೋಗಿ ಒಂದೂವರೆಯ ಬದಲು ಸರಿಯಾಗಿ ಎರಡು ಪಟ್ಟು ಮಾಡಿದೆ, ಲಾಗೌಟ್ ಆಗಿ ಮತ್ತೆ ಒಳಬಂದೆ. ಅಷ್ಟು ಹೊತ್ತೂ ಕಾಕಾ ಕಪ್ಪು ಪರದೆಯನ್ನೇ ನೋಡುತ್ತ ಕೂತಿದ್ದರು. ತಂತ್ರಾಂಶ ತೆರೆಯಿತು. ಅಕ್ಷರಗಳು ದಪ್ಪಗೆ, ನಿಚ್ಚಳವಾಗಿ ಮೂಡಿದವು.

"ಓದ್ರಿ ಕಾಕಾ."

ಅವರು ಮುಂದಕ್ಕೆ ಬಾಗಿ, ನಿಲ್ಲಿಸಿದ್ದಲ್ಲಿಂದಲೇ ಶುರುಮಾಡಿದರು. ಎಲ್ಲಿಯೂ ತಡವರಿಸಲಿಲ್ಲ. ಪ್ರತಿಯ ಮೇಲೆ ನನ್ನ ಬೆರಳು ಅವರ ದನಿಯ ಹಿಂದೆಯೇ ಓಡಿತು. ತಪ್ಪಿತಸ್ಥ ಪರದೆಯೇ, ಕಣ್ಣಲ್ಲ! ನನಗಾದ ಸಂತೋಷ ಅಷ್ಟಿಷ್ಟಲ್ಲ. ಸ್ತೋತ್ರ ಮುಗಿದಾಗ ತಲೆಯೆತ್ತಿ ಪರದೆ ನೋಡಿದೆ.

ಮತ್ತೆ ತೆರೆದ ಪುಸ್ತಕ ಮೊದಲ ಪುಟದಲ್ಲೇ ನಿಂತಿತ್ತು. ಅಲ್ಲಿದ್ದದ್ದು ಪರಿವಿಡಿ. ಸ್ತೋತ್ರದ ಒಂದು ಸಾಲೂ ಅದರಲ್ಲಿರಲಿಲ್ಲ. ಚಿಕ್ಕಂದಿನಿಂದ ಬಾಯಿಪಾಠವಾದದ್ದನ್ನು ಕಾಕಾ ಪರಿವಿಡಿಗೆ ಮುಖಮಾಡಿ ಹೇಳಿ ಮುಗಿಸಿದ್ದರು.

ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ಕಾಕಾ, ಏಳ್ರಿ. ಇವತ್ತೇ ಕಣ್ಣಿನ ದವಾಖಾನಿಗೆ ಹೋಗೂಣು."

ಅವರು ಕನ್ನಡಕ ತೆಗೆದು ಅಂಗಿಯ ಕಿಸೆಯಲ್ಲಿಟ್ಟುಕೊಂಡರು.

"ಪರದಾ ಸರಿ ಮಾಡಿದ್ಯಲ್ಲವ್ವ," ಅಂದರು, "ಇನ್ನ ದವಾಖಾನಿ ಯಾಕ?"