ಬಾವಿಯ ಹಗ್ಗದಲ್ಲಿ ಮಗುಚಿ ಬಂದ ಅಲೆ

ದೆವ್ವ, ಶಕುನ ಎಂದವರನ್ನು ಗೇಲಿ ಮಾಡುತ್ತಿದ್ದವನು ನಾನು. ಮಣಿಪಾಲದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವನ ಒಣ ಜಂಬ ಎಂದೇ ಇಟ್ಟುಕೊಳ್ಳಿ. ಈಗಲೂ ದೆವ್ವ ಇದೆ ಎಂದು ಹೇಳಲು ಹೊರಟಿಲ್ಲ. ಆದರೆ ಕೆಲವು ವರ್ಷಗಳ ಹಿಂದಿನ ಆ ಸಂಜೆಯ ನಂತರ ಯಾರನ್ನೂ ಗೇಲಿ ಮಾಡಿಲ್ಲ.

ಬೇಸಿಗೆಯಲ್ಲಿ ಪರ್ಕಳದ ನಮ್ಮ ಮನೆಯ ಬಾವಿ ತಳ ಕಂಡಿತ್ತು. ಕೆಸರೆತ್ತಲು ಇಳಿಯುವ ಮೊದಲು ದೀಪ ಇಳಿಸಿ, ಅದು ಆರದಿದ್ದರೆ ಗಾಳಿ ಸರಿಯಿದೆ ಎಂದು ತಿಳಿಯುವುದು ನಮ್ಮಲ್ಲಿನ ಕ್ರಮ. ತಮ್ಮ ಗಣೇಶ ಅವಸರದ ಆಸಾಮಿ, ದೀಪದ ಬದಲು ಟಾರ್ಚು ಇಳಿಸಿ ನೋಡಿದ್ದನಂತೆ. ಟಾರ್ಚು ಆರಲಿಲ್ಲ. ಆರುವುದಾದರೂ ಹೇಗೆ!

ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಅವನು ಗೋಡೆಯ ಕಾಲುಗುಳಿ ಹಿಡಿದು ಇಳಿದಾಗಿತ್ತು. ಕರೆದರೆ ಉತ್ತರವಿಲ್ಲ. ಕೆಳಗೆ ಬರೀ ಕತ್ತಲೆ. ಅಗ್ನಿಶಾಮಕದವರಿಗೆ ಫೋನು ಮಾಡಿದೆವು. ಅಷ್ಟರಲ್ಲಿ ಮನೆಯಲ್ಲೇ ಇದ್ದ ಸೋದರಮಾವ ಲುಂಗಿ ಎತ್ತಿ ಕಟ್ಟಿ ಬಾವಿಕಟ್ಟೆ ಹತ್ತಿದರು.

"ಬಿಡು ಮಾರಾಯ, ನಾನು ಇಳಿಯುತ್ತೇನೆ. ಹುಡುಗ ಸಾಯ್ತಾನೆ!"

ನನಗೆ ಏನು ತೋಚಿತೋ, ಕೆಸರೆತ್ತಲು ಇಳಿಬಿಟ್ಟಿದ್ದ ಹಗ್ಗವನ್ನು ಬಲಕ್ಕೊಮ್ಮೆ ಜಾಡಿಸಿದೆ. ಹೀಗೆ ಎಬ್ಬಿಸಿದ ಅಲೆ ತುದಿ ಮುಟ್ಟಿ ಮರಳುತ್ತದೆ. ತುದಿ ಸಡಿಲವಾಗಿ ನೇತಾಡುತ್ತಿದ್ದರೆ ಹೋದ ಬದಿಯಲ್ಲೇ ಉಬ್ಬಿ ಬರುತ್ತದೆ. ಯಾರಾದರೂ ಬಿಗಿಯಾಗಿ ಹಿಡಿದಿದ್ದರೆ ಎದುರು ಬದಿಗೆ ಮಗುಚಿ ಬರುತ್ತದೆ. ಪ್ರತಿ ವರ್ಷ ತರಗತಿಯಲ್ಲಿ ಮಾಡಿ ತೋರಿಸುವ ಪಾಠವದು.

ಬಲಕ್ಕೆ ಹೋದ ಉಬ್ಬು ಎಡಕ್ಕೆ ಬಂತು. ಮತ್ತೆ ಜಾಡಿಸಿದೆ. ಮತ್ತೆ ಎಡಕ್ಕೇ.

"ಹಿಡಿದಿದ್ದಾನೆ ಮಾವ, ಜೀವ ಉಂಟು! ಗಾಳಿ ಕೆಟ್ಟಿದೆ, ನೀವು ಇಳಿಯಬೇಡಿ" ಎಂದು ಅವರ ಸೊಂಟ ತಬ್ಬಿ ಹಿಡಿದೆ. ಹಿಡಿತ ತಪ್ಪೀತೆಂದು ಹಗ್ಗ ಎಳೆಯಲೂ ಧೈರ್ಯವಾಗಲಿಲ್ಲ. ಅಗ್ನಿಶಾಮಕದವರು ಬರುವವರೆಗೂ ಮಾವ ನನ್ನನ್ನು ಬಾಯಿಗೆ ಬಂದಂತೆ ಬೈದರು.

ಆಮ್ಲಜನಕ ಕಟ್ಟಿಕೊಂಡು ಇಳಿದಾತ ಗಣೇಶನನ್ನು ಮೇಲೆ ತಂದ. ಉಸಿರಿತ್ತು. ಆಸ್ಪತ್ರೆಗೆ ಕಳಿಸಿದ ಮೇಲೆ ಆತ ಮಾವನಿಗೆ, "ನೀವು ಇಳಿದಿದ್ದರೆ ನಿಮ್ಮ ಹೆಣ ಎತ್ತಬೇಕಿತ್ತು" ಎಂದ. ನಾನು ಹೆಮ್ಮೆಯಿಂದಲೇ ಹಗ್ಗದ ವಿಷಯ ಹೇಳಿದೆ. ಆತ ನನ್ನ ಮುಖವನ್ನೇ ನೋಡಿದ.

"ಎಂತ ಸರ್, ಆ ಹಗ್ಗ ತಳದವರೆಗೆ ಇಳಿದೇ ಇರಲಿಲ್ಲ ಅಲ್ವಾ? ಅವರು ಕೆಸರಲ್ಲಿ ಬಿದ್ದಿದ್ದರು. ತುದಿ ಒಂದಾಳು ಮೇಲೆ ನೇತಾಡ್ತಾ ಇತ್ತು."

ಬಾವಿಕಟ್ಟೆಗೆ ಓಡಿದೆ. ಹಗ್ಗ ಎಳೆದು ನೋಡಿದೆ, ಸಲೀಸಾಗಿ ಬಂತು. ತುದಿಗೆ ಚೂರೂ ಕೆಸರಿರಲಿಲ್ಲ. ಗೋಡೆಯ ಬಿರುಕಿಗೆ ಸಿಕ್ಕಿತ್ತೇ? ಸಿಕ್ಕಿದ್ದರೆ ಹಾಗೆ ಬರುತ್ತಿರಲಿಲ್ಲ. ಗಾಬರಿಯಲ್ಲಿ ನನ್ನ ಕಣ್ಣೇ ತಪ್ಪಿತೇ? ಎರಡು ಸಲವೂ?

ತಮ್ಮ ಚೇತರಿಸಿಕೊಂಡ. ಮಾವ ಗಟ್ಟಿಮುಟ್ಟಾಗಿದ್ದಾರೆ. ಅಂದು ಆ ತುದಿಯನ್ನು ಹಿಡಿದಿದ್ದವರು ಯಾರು ಎಂಬುದು ಮಾತ್ರ ನನಗೆ ಇಂದಿಗೂ ತಿಳಿದಿಲ್ಲ.