ಹುಣಸೆ ಬೀಜ, ಪಂಚಮೀ ವಿಭಕ್ತಿ

ಹುಣಸೆಹಣ್ಣು ಬಿಡಿಸಲು ಕೂತರೆ ನನ್ನ ಬೆರಳುಗಳಿಗೆ ಒಂದು ಚಾಳಿ. ತೆಗೆದ ಬೀಜವನ್ನು ಸುಮ್ಮನೆ ಬದಿಗೆ ಎಸೆಯುವುದಿಲ್ಲ. ನಾನು ಇನ್ನೇನೋ ಯೋಚಿಸುತ್ತಿರುವಾಗ ನೆಲದ ಮೇಲೆ ಐದೈದರ ಸಾಲು ಹಚ್ಚಿಬಿಡುತ್ತವೆ. ಇವತ್ತು ಬೆಳಗ್ಗೆಯೂ ಹಾಗೇ ಆಯಿತು. ಹಣ್ಣಿನ ಹುಳಿವಾಸನೆಗೆ ಬಾಯಲ್ಲಿ ನೀರೂರಿ ತಲೆಯೆತ್ತಿದರೆ, ಹಿತ್ತಲ ಬಾಗಿಲಿನ ಬಿಸಿಲಲ್ಲಿ ಬೀಜಗಳು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದ ಮಕ್ಕಳ ಹಾಗೆ ಸಾಲಾಗಿ ಕೂತಿದ್ದವು.

ಹಣ್ಣು ಬಿಡಿಸುತ್ತಿದ್ದುದು ಮಗಳಿಗಾಗಿ. ಗಿರಿಜಳ ಕಾಗದ ನಿನ್ನೆ ಬಂತು: 'ಅಮ್ಮಾ, ಹುಣಸೆ ಗೊಜ್ಜು ಮುಗಿದುಹೋಗಿದೆ. ಚಿಕ್ಕಮ್ಮನ ಕೈಲಿ ಮಾಡಿಸಿ ಕಳಿಸು.' ನೋಡಿದಿರಾ? ಮಾಡಿ ಕಳಿಸು ಎಂದಿಲ್ಲ, ಮಾಡಿಸಿ ಕಳಿಸು ಎಂದಿದ್ದಾಳೆ. ಧಾತುವಿಗೆ ಒಂದು 'ಇಸು' ಸೇರಿದರೆ ಕೆಲಸ ಇನ್ನೊಬ್ಬರ ಕೈಗೆ ಹೋಗುತ್ತದೆ ಎಂದು ಅವಳಿಗೆ ಹೇಳಿಕೊಟ್ಟವಳು ನಾನೇ. ಕಲಿಸಿದ್ದು ಇಷ್ಟು ವರ್ಷದ ಮೇಲೆ ತಿರುಗಿ ಬಂದು ಹೀಗೆ ಚುಚ್ಚುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

ತಲೆ ನರೆತ ಮೇಲೂ ಹೊಟ್ಟೆಕಿಚ್ಚೇ ಎಂದು ನೀವು ನಗಬಹುದು. ನಗಿ. ಆದರೆ ಈ ಕಿಚ್ಚು ಇವತ್ತಿನದಲ್ಲ. ಐವತ್ತರ ದಶಕದ ಕೊನೆಯಲ್ಲಿ, ಶಿಕಾರಿಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಹೊತ್ತಿಕೊಂಡದ್ದು.

ಆಗ ನಮ್ಮ ಓಣಿಯಲ್ಲಿ ನಾಲ್ಕನೇ ಕ್ಲಾಸು ಮುಗಿಸಿದ ಏಳು ಹುಡುಗಿಯರು, ನನ್ನ ಗಿರಿಜಳೂ ಸೇರಿ, ಶಾಲೆ ಬಿಟ್ಟು ಮನೆಯಲ್ಲಿದ್ದರು. ಮುಂದೆ ಓದಬೇಕಾದರೆ ಪೇಟೆ ದಾಟಿ ಹೋಗಬೇಕು. ಅಲ್ಲಿ ಮೇಷ್ಟರೆಲ್ಲ ಗಂಡಸರು, ಬೆಂಚಿನ ತುಂಬ ಗಂಡುಹುಡುಗರು. ಉಳಿದ ಐದು ಮನೆಯ ಹಿರಿಯರೂ ಬೇಡವೆಂದರು. ನಮ್ಮ ಮಾವನವರಿಗೆ ಮಾತ್ರ ಹುಡುಗಿಯರ ಓದು ಅಲ್ಲಿಗೇ ನಿಲ್ಲುವುದು ಸರಿಕಾಣಲಿಲ್ಲ. ಅವರದು ಮೆಣಸಿನಕಾಯಿ ವ್ಯಾಪಾರ. ಮಾತು ಕಡಿಮೆ, ಆಡಿದ ಮೇಲೆ ಬದಲಿಲ್ಲ. ಒಂದು ಸಂಜೆ ಪಡಸಾಲೆಯ ಚೀಲಗಳನ್ನೆಲ್ಲ ಗೋಡೆಗೆ ಒತ್ತರಿಸಿ ನಿಲ್ಲಿಸಿ ಹೇಳಿದರು: "ಶಾಲೆ ಇಲ್ಲೇ ನಡೀಲಿ. ವ್ಯಾಕರಣ, ಬರವಣಿಗೆ ದೊಡ್ಡ ಸೊಸೆ ನೋಡ್ಕೊಳ್ಲಿ, ಕಾನ್ವೆಂಟಿನಾಗೆ ಓದ್ಯಾಳೆ. ಲೆಕ್ಕ ಸಣ್ಣಾಕಿ ಹೇಳ್ಲಿ. ತಯಾರಿಗೆ ಒಂದು ತಿಂಗಳು ಟೈಮ್ ಐತಿ. ಆಮೇಲೆ ಮಕ್ಕಳನ್ನ ಖಾಸಗಿಯಾಗಿ ಪರೀಕ್ಷೆಗೆ ಕೂರ್ಸಾಣ."

ದೊಡ್ಡ ಸೊಸೆ ನಾನು. ಸಣ್ಣಾಕೆ ಎಂದರೆ ಮೈದುನನ ಹೆಂಡತಿ, ನನ್ನ ವಾರಗಿತ್ತಿ, ಸೊರಬದ ನೀಲಾ. ಅವಳು ಓದಿದ್ದು ಐದನೇ ಕ್ಲಾಸು. ನನ್ನ ಹತ್ತನೇ ಕ್ಲಾಸಿನ ಪಕ್ಕದಲ್ಲಿ ಅವಳ ಐದನ್ನು ಇಟ್ಟು ನೋಡಿ ನಾನು ಒಳಗೊಳಗೇ ಹಿಗ್ಗಿದೆ. ಲೆಕ್ಕದಲ್ಲಿ ನನ್ನ ಬುದ್ಧಿ ಅಷ್ಟರವರೆಗೆ ಮಾತ್ರ ಓಡುತ್ತಿತ್ತು.

ನಿಮಗೆ ಒಂದು ಗುಟ್ಟು ಹೇಳುತ್ತೇನೆ. ಕನ್ನಡ ವ್ಯಾಕರಣ ನನಗೆ ಬರುತ್ತಿರಲಿಲ್ಲ. ಶಿವಮೊಗ್ಗದ ಕಾನ್ವೆಂಟಿನಲ್ಲಿ ಮದರ್ ನಮಗೆ ಕಲಿಸಿದ್ದೆಲ್ಲ ಇಂಗ್ಲಿಷ್ ವಾಕ್ಯವನ್ನು ತುಂಡುತುಂಡು ಮಾಡಿ ಒಂದೊಂದು ತುಂಡಿಗೂ ಹೆಸರು ಇಡುವುದನ್ನು. ಜೊತೆಗೆ, ಕೆಂಪು ಶಾಯಿಯಲ್ಲಿ ಅಂಚುಗೆರೆ ಎಳೆಯುವುದನ್ನು. ಅಂಚುಗೆರೆ ನನಗೆ ಚೆನ್ನಾಗಿ ಬರುತ್ತಿತ್ತು. ಉಳಿದದ್ದಕ್ಕೆ ನಮ್ಮ ಯಜಮಾನರ ಹಳೇ ವ್ಯಾಕರಣದ ಪುಸ್ತಕವನ್ನು ಅಟ್ಟದಿಂದ ಇಳಿಸಿ, ರುಬ್ಬುವ ಕಲ್ಲಿನ ಹಿಂದೆ ಬಚ್ಚಿಟ್ಟುಕೊಂಡು, ಹಿಟ್ಟು ರುಬ್ಬುತ್ತ ಪ್ರಥಮಾ, ದ್ವಿತೀಯಾ, ತೃತೀಯಾ ಎಂದು ಬಾಯಿಪಾಠ ಮಾಡಿದೆ. ಯಜಮಾನರು ನೀರು ಕುಡಿಯುವ ನೆವದಲ್ಲಿ ಬಂದು, "ಏನೇ ಟೀಚರಮ್ಮ, ಸಪ್ತಮಿವರೆಗೂ ಬಂದ್ಯಾ? ಅಷ್ಟಮಿಗೆ ಹೋಳಿಗೆ ಮಾಡ್ತೀಯೇನು?" ಎಂದು ಕಾಡಿಸುತ್ತಿದ್ದರು.

ಒಂದು ಕಡೆ ಮಾತ್ರ ಸಿಕ್ಕಿಕೊಂಡೆ. ಕತ್ತಿಯಿಂದ ಕೊಯ್ದಳು, ಅದು ತೃತೀಯಾ. ಮರದಿಂದ ಬಿತ್ತು, ಅದು ಪಂಚಮಿ. ಎರಡಕ್ಕೂ 'ಇಂದ'ವೇ ಆದರೆ ಬೇರೆ ಮಾಡುವುದು ಹೇಗೆ? ಪುಸ್ತಕ ಅದಕ್ಕೆ ದಾರಿ ತೋರಿಸಿತ್ತು: ಪಂಚಮಿಗೆ 'ದೆಸೆಯಿಂದ'. ಮರದ ದೆಸೆಯಿಂದ ಹಣ್ಣು ಬಿದ್ದಿತು. ನಾನು ನಿಟ್ಟುಸಿರು ಬಿಟ್ಟು, ಅಂಗಡಿಯ ಕಂದು ಕಾಗದದ ಮೇಲೆ ಅದನ್ನು ದುಂಡಗೆ ಬರೆದು, ಸುತ್ತ ಕೆಂಪು ಬಳ್ಳಿ ಬಿಡಿಸಿದೆ.

ನೀಲಾ ತಯಾರಿ ಮಾಡಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಅಥವಾ, ಅವಳು ಮಾಡುತ್ತಿದ್ದುದೆಲ್ಲ ತಯಾರಿಯೇ ಎಂದು ನನಗೆ ತಡವಾಗಿ ತಿಳಿಯಿತು. ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ಹಿಡಿ ಹುಣಸೆ ಬೀಜದ ಗಂಟು. ರೊಟ್ಟಿ ಬಡಿಸುವಾಗ ಮುರಿದು, "ಎಂತ ಬೇಕು, ಅರೆಯಾ ಮುಕ್ಕಾಲಾ?" ಎನ್ನುವಳು. ರಂಗೋಲಿಯ ಚುಕ್ಕಿ ಇಡುವಾಗ ಮಗ್ಗಿ. ಒಂಬತ್ತು ವರ್ಷದ ನನ್ನ ಗಿರಿಜ, ಊಟಕ್ಕೆ ಕೂತರೆ ಒಂದು ರೊಟ್ಟಿ ಸಾಕು ಎನ್ನುತ್ತಿದ್ದವಳು, "ಚಿಕ್ಕಮ್ಮಾ, ಇನ್ನೊಂದು ಮುಕ್ಕಾಲು" ಎಂದು ಕೇಳಿ ತಿನ್ನತೊಡಗಿದಳು. ಅದನ್ನೂ ಸಹಿಸಿದೆ. ಒಂದು ಬೆಳಗ್ಗೆ ಬಾಚಣಿಗೆ ಹಿಡಿದು ಕಾಯುತ್ತ ಕೂತಿದ್ದೇನೆ, ಅವಳು ಜಡೆ ಹಾಕಿಸಿಕೊಂಡೇ ಬಂದಳು. ಟೇಪಿನ ಗಂಟು ನನ್ನದಲ್ಲ. ನನ್ನದು ಕಾನ್ವೆಂಟಿನ ಗಂಟು, ಎರಡೂ ಕಿವಿ ಸಮ. ಇದರಲ್ಲಿ ಒಂದು ಕಿವಿ ಉದ್ದ, ಒಂದು ಗಿಡ್ಡ. "ಚಿಕ್ಕಮ್ಮ ಜಡೆ ಹಾಕ್ತಾ ಮೂರರ ಮಗ್ಗಿ ಹೇಳಿಸ್ತಾರೆ, ನೋವೇ ಆಗಲ್ಲ" ಎಂದಳು ಗಿರಿಜ.

ನಾನು ಹಾಕಿದರೆ ನೋವಾಗುತ್ತಿತ್ತು ಎಂದು ಅವಳು ಒಂದು ದಿನವೂ ಹೇಳಿರಲಿಲ್ಲ.

ಶಾಲೆ ಶುರುವಾಗುವುದಕ್ಕೆ ಒಂದು ವಾರ ಮುಂಚೆ ಮಾವನವರು ಐದು ಮನೆಯವರನ್ನೂ ಕರೆಸಿದರು. ಹೆಂಗಸರು ಹೇಗೆ ಪಾಠ ಹೇಳುತ್ತಾರೆ, ಒಮ್ಮೆ ನೋಡಲಿ ಎಂದು. ಚೀಲಗಳ ಮೇಲೆ ಹಿರಿಯರು, ಚಾಪೆಯ ಮೇಲೆ ಏಳು ಹುಡುಗಿಯರು. ಮೆಣಸಿನ ಘಾಟಿಗೆ ಯಾರೋ ಆಗಾಗ ಸೀನುತ್ತಿದ್ದರು. ನಾನು ಕಂದು ಕಾಗದ ಬಿಡಿಸಿ ಪಂಚಮಿಯವರೆಗೂ ಚೆನ್ನಾಗಿಯೇ ಬಂದೆ. ಆಗ ಗಿರಿಜ ಕೈ ಎತ್ತಿದಳು.

"ಅಮ್ಮಾ, ಮರದ ದೆಸೆಯಿಂದ ಹಣ್ಣು ಬಿತ್ತು ಅಂದ್ರೆ ಮರದ್ದೇ ತಪ್ಪಾ?"

ಚೀಲಗಳ ಮೇಲಿಂದ ನಗು ಹೊರಟಿತು. ತಪ್ಪು ಹುಡುಗಿಯದಲ್ಲ. ನಮ್ಮ ಮನೆಗಳಲ್ಲಿ ಆ ಮಾತು ಬೈಗುಳಕ್ಕೆ ಬಿಟ್ಟರೆ ಬೇರೆಲ್ಲಿ ಬರುತ್ತದೆ? ನಿನ್ನ ದೆಸೆಯಿಂದ ಹಾಲು ಉಕ್ಕಿತು, ನಿನ್ನ ದೆಸೆಯಿಂದ ಬಸ್ಸು ತಪ್ಪಿತು. ನಾನು ಕಂದು ಕಾಗದದ ಕಡೆ ತಿರುಗಿ ಆ ಸಾಲನ್ನೇ ಮತ್ತೊಮ್ಮೆ ಓದತೊಡಗಿದೆ. ಅಷ್ಟರಲ್ಲಿ ನಡುಮನೆಯ ಬಾಗಿಲಲ್ಲಿ ನಿಂತಿದ್ದ ನೀಲಾ, "ಅಲ್ಲ ಕಣೇ, ಬಿದ್ದ ಹಣ್ಣು ತಿಂದೋರು ಯಾರಾದ್ರೂ ಮರಕ್ಕೆ ತಪ್ಪು ಹೊರಿಸ್ತಾರಾ? ಕೊಟ್ಟಿದ್ದು ಯಾರು ಅಂತ ಹೇಳೋದು ಅಷ್ಟೇ" ಎಂದಳು. ಹಿರಿಯರು "ಭೇಷ್" ಎಂದರು. ಹುಡುಗಿಯರು ತಲೆ ಆಡಿಸಿದರು. ನನ್ನ ಪಾಠ ಉಳಿಯಿತು, ನನ್ನ ಮುಖ ಮಾತ್ರ ಚೀಲದೊಳಗಿನ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತು. ಬಿದ್ದವಳನ್ನು ಎತ್ತಿದವರ ಮೇಲೆ ಬರುವ ಸಿಟ್ಟು ಇದೆಯಲ್ಲ, ದೂಡಿದವರ ಮೇಲೂ ಅಷ್ಟು ಬರುವುದಿಲ್ಲ.

ಮಾರನೇ ದಿನ ಅವಳು ತಾನಾಗಿ ನನ್ನ ಕೈಗೆ ಸಿಕ್ಕಳು. ಒಂದು ನೋಟುಬುಕ್ಕು ಹಿಡಿದುಕೊಂಡು ಬಂದು, "ಅಕ್ಕಾ, ಮಕ್ಕಳಿಗೆ ಅಂತ ನಲವತ್ತು ಲೆಕ್ಕ ಬರೆದಿದೀನಿ. ಒತ್ತಕ್ಷರ ನಂಗೆ ಅಷ್ಟಕ್ಕಷ್ಟೇ. ಒಂಚೂರು ನೋಡಿಕೊಡ್ತೀರಾ?" ಎಂದಳು.

ನೋಡಿಕೊಟ್ಟೆ. ಮಧ್ಯಾಹ್ನವೆಲ್ಲ ಕೂತು, ಕೆಂಪು ಶಾಯಿಯಲ್ಲಿ. ಅವಳು ಆಡುವ ಹಾಗೇ ಬರೆದಿದ್ದಳು: 'ಹ್ವಾದಳು', 'ತಗಂಡಳು', 'ಕೊಟ್ಟಳಂತೆ'. ಹೊಡೆದೆ. 'ಶ' ಇರಬೇಕಾದಲ್ಲಿ 'ಸ'. ಹೊಡೆದೆ. ಒಂದು ಪುಟವನ್ನೂ ಬಿಡಲಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ತಿದ್ದಿದ್ದು ಎನ್ನಬಹುದಿತ್ತು. ಕೊನೆಯ ಪುಟದ ಕೆಳಗೆ, ಮದರ್ ನಮ್ಮ ಪುಸ್ತಕಗಳಲ್ಲಿ ಬರೆಯುತ್ತಿದ್ದ ಹಾಗೆ, ಅಡಿಗೆರೆ ಎಳೆದು ಬರೆದೆ: 'ಎಲ್ಲವನ್ನೂ ಮತ್ತೊಮ್ಮೆ ಬರೆಯುವುದು.'

ಅವಳು ನಿಂತಲ್ಲೇ ಪುಟ ತಿರುವಿದಳು. ಸೆರಗಿನ ಗಂಟನ್ನು ಒಮ್ಮೆ ಮುಟ್ಟಿಕೊಂಡಳು. "ಆಯ್ತಕ್ಕಾ" ಎಂದಳು, ಅಷ್ಟೇ.

ಎರಡು ದಿನದ ಮೇಲೆ ಅವಳ ಅಣ್ಣ ಬಂದ. ಅವಳು ಮಾವನವರ ಮುಂದೆ ನಿಂತು, "ನಾ ತಪ್ಪು ಬರೆದ್ರೆ ಮಕ್ಕಳು ಅದನ್ನೇ ಕಲೀತಾವೆ ಮಾವಾ. ಲೆಕ್ಕನೂ ಅಕ್ಕನೇ ಹೇಳ್ಲಿ" ಎಂದು ಹೇಳಿ, ಅಣ್ಣನ ಜೊತೆ ಸೊರಬಕ್ಕೆ ಹೊರಟುಹೋದಳು. ನೋಟುಬುಕ್ಕು ನನ್ನ ಕಾಗದಗಳ ಮೇಲೆ ಇತ್ತು.

ಈಗ ಪಡಸಾಲೆ ಪೂರ್ತಿ ನನ್ನದಾಯಿತು. ಬೇಕಾಗಿದ್ದುದು ಇದೇ ಅಲ್ಲವೇ? ಸೋಮವಾರ ಶಾಲೆ ಶುರುಮಾಡಿದೆ. ಭಿನ್ನರಾಶಿ ಎಂದು ಹಲಗೆಯ ಮೇಲೆ ಬರೆದು, ಮೇಲೊಂದು ಅಂಕಿ, ಕೆಳಗೊಂದು ಅಂಕಿ, ನಡುವೆ ಅಂದವಾದ ಗೆರೆ ಎಳೆದೆ. ಏಳು ಹುಡುಗಿಯರು ಕಂಬಗಳ ಹಾಗೆ ಕೂತಿದ್ದರು. ಮೂರು ದಿನವಾದರೂ ಗೆರೆಯ ಮೇಲಿನದು ಕೆಳಗಿಳಿಯಲಿಲ್ಲ. ಚೀಲದ ಮೇಲೆ ಕೂತು ಕೇಳುತ್ತಿದ್ದ ಮಾವನವರು, "ಲೆಕ್ಕ ಬರದಿದ್ರೆ ಪರೀಕ್ಷೆ ಹೆಂಗಮ್ಮ? ನಿನಗೆ ಆಗಂಗಿಲ್ಲ ಅಂದ್ರೆ ಹೇಳು, ಶಾಲೆ ಮುಚ್ಚಾಣ. ಚೀಲಕ್ಕೂ ಜಾಗ ಸಾಲ್ತಿಲ್ಲ" ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಅದಕ್ಕೇ ಹೆದರಿಕೆಯಾಯಿತು.

ನಾಲ್ಕನೇ ದಿನ ಲೆಕ್ಕವನ್ನು ಬದಿಗಿಟ್ಟು, ವಿಭಕ್ತಿಗೊಂದರಂತೆ ಸ್ವಂತ ವಾಕ್ಯ ಬರೆಯಲು ಹೇಳಿದೆ. ಎಲ್ಲರ ಸ್ಲೇಟಿನಲ್ಲೂ ಮರ, ಹಣ್ಣು. ಗಿರಿಜ ಸ್ಲೇಟನ್ನು ಕೊಟ್ಟು ಮುಖ ಆಚೆ ತಿರುಗಿಸಿದಳು. ಐದನೇ ಸಾಲು ಹೀಗಿತ್ತು: 'ಅಮ್ಮನ ದೆಸೆಯಿಂದ ಚಿಕ್ಕಮ್ಮ ಊರಿಗೆ ಹೋದರು.'

ಅಕ್ಷರ ದುಂಡಗಿತ್ತು. ವ್ಯಾಕರಣದಲ್ಲಿ ಒಂದು ತಪ್ಪಿಲ್ಲ. 'ಸರಿ' ಎಂದು ಗುರುತು ಹಾಕಬೇಕಾದದ್ದು ಹೌದು. ಕೈ ಏಳಲಿಲ್ಲ.

ಮಾರನೇ ಬೆಳಗಿನ ಬಸ್ಸಿಗೆ ಗಿರಿಜಳನ್ನು ಕರೆದುಕೊಂಡು ಹೊರಟೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಾಯಿಸಿ ಕೂತ ಮೇಲೆ, ಬೇಸರ ಕಳೆಯಲು ಅವಳು ನನ್ನ ಚೀಲದಿಂದ ಆ ನೋಟುಬುಕ್ಕು ತೆಗೆದು ಗಟ್ಟಿಯಾಗಿ ಓದತೊಡಗಿದಳು. ನನ್ನ ಕೆಂಪು ಶಾಯಿಯನ್ನು ದಾಟಿ, ನೀಲಾ ಬರೆದ ಹಾಗೇ, ನೀಲಾಳ ದನಿಯಲ್ಲೇ. ಆಗ ಗೊತ್ತಾಯಿತು: ಪ್ರತಿ ಲೆಕ್ಕದಲ್ಲೂ ನಮ್ಮ ಓಣಿಯ ಹುಡುಗಿಯರೇ ಇದ್ದರು, ಹೆಸರು ಹಿಡಿದು. ಒಬ್ಬಳು ಜಗಳಗಂಟಿ, ಒಬ್ಬಳಿಗೆ ಬೆಲ್ಲದ ಚಪಲ. ನಲವತ್ತು ಲೆಕ್ಕದ ಅಕ್ಷರ ಅಕ್ಷರ ತಿದ್ದಿದ್ದ ನಾನು ಒಂದು ಲೆಕ್ಕವನ್ನೂ ಓದಿರಲಿಲ್ಲ.

"ಅಮ್ಮಾ, ಇದು ಕೇಳು. ಅಕ್ಕ ಮೂರೂವರೆ ಹೋಳಿಗೆ ಮಾಡಿದರು. ಏಳು ಹುಡುಗಿಯರಿಗೆ ಸಮಸಮ ಹಂಚಿದರು. ಒಬ್ಬೊಬ್ಬಳಿಗೆ ಎಷ್ಟು ಬಂತು? ಅಕ್ಕಂಗೆ ಏನು ಉಳೀತು?" ಗಿರಿಜ ಬೆರಳು ಮಡಿಸಿದಳು. "ಒಬ್ಬೊಬ್ರಿಗೂ ಅರ್ಧ. ಅಕ್ಕಂಗೆ ಏನೂ ಇಲ್ಲ." ಮಡಿಸಿದ ಬೆರಳು ಬಿಚ್ಚುತ್ತ, "ಅಕ್ಕ ಅಂದ್ರೆ ನೀನೇ ಅಲ್ವಾ?" ಎಂದಳು.

'ಅಕ್ಕಂಗೆ' ಎಂಬುದನ್ನು ಹೊಡೆದು 'ಅಕ್ಕನಿಗೆ' ಮಾಡಿದ್ದೆ. 'ಉಳೀತು' ಹೊಡೆದು 'ಉಳಿಯಿತು'. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಸೊರಬದಲ್ಲಿ ಅವರ ಮನೆಯ ಅಂಗಳದಲ್ಲಿ ಹುಣಸೆಹಣ್ಣಿನ ರಾಶಿ. ಅವಳ ತಾಯಿ, "ಬನ್ನಿ ಬನ್ನಿ, ಇದೆಂತ ಒಂದು ಸುದ್ದಿ ಇಲ್ದೆ!" ಎಂದು ನೀರು ತರಲು ಎದ್ದರು. ನೀಲಾ ಏಳಲಿಲ್ಲ. ಓಡಿ ಹೋಗಿ ಕುತ್ತಿಗೆಗೆ ಜೋತುಬಿದ್ದ ಗಿರಿಜಳ ತಲೆಯ ಮೇಲಿಂದ ನನ್ನನ್ನು ನೋಡಿ, "ಎಂತ ಅಕ್ಕಾ, ಕೆಂಪು ಶಾಯಿ ಖಾಲಿಯಾಯ್ತಾ?" ಎಂದಳು.

"ಆಯ್ತು" ಎಂದೆ.

"ಮಗಳು ಬಂದಾಗಿಂದ ಬರೀತಾನೇ ಇದಾಳೆ ನೋಡಿ" ಎಂದು ತಾಯಿ ಒಳಗಿನಿಂದಲೇ ಹೇಳಿದರು. ನೀಲಾ ಕೈ ಒರೆಸಿಕೊಂಡು ಒಂದು ಹೊಸ ನೋಟುಬುಕ್ಕು ತಂದು ನನ್ನ ಮಡಿಲಲ್ಲಿ ಇಟ್ಟಳು. ನಾನು ತಿದ್ದಿದ ಪ್ರಕಾರವೇ, ಬರೀ ನೆನಪಿನಿಂದ, ಒಂದು ಚಿತ್ತಿಲ್ಲದೆ, ಎಲ್ಲವನ್ನೂ ಮತ್ತೊಮ್ಮೆ ಬರೆದಿದ್ದಳು. ಎಣಿಸಿದೆ. ಮೂವತ್ತೊಂಬತ್ತು ಇದ್ದವು.

"ಹೋಳಿಗೆ ಲೆಕ್ಕ ಎಲ್ಲೇ?"

"ಅದು ಬಿಟ್ಟೆ. ಅಕ್ಕಂಗೆ ಏನು ಉಳೀತು ಅಂತ ಬರೆದಿದ್ದು ನಿಮಗೆ ಬೇಜಾರಾಗಿರಬೇಕು, ಅದಕ್ಕೇ ಅಷ್ಟು ಸಿಟ್ಟು ಅಂತ ಅಂದ್ಕಂಡೆ."

ನನ್ನ ಸಿಟ್ಟಿಗೆ ಅವಳು ಅಷ್ಟು ಮರ್ಯಾದಸ್ಥ ಕಾರಣ ಹುಡುಕಿಕೊಟ್ಟಿದ್ದಳು. ಅದನ್ನೇ ಹೌದು ಎಂದುಬಿಡಬಹುದಿತ್ತು. "ಅಲ್ಲ ನೀಲಾ" ಎಂದೆ. "ಜಡೆ. ಗಿರಿಜ ನಿನ್ನ ಹತ್ರ ಜಡೆ ಹಾಕಿಸ್ಕೊಂಡಳಲ್ಲ, ಅದಕ್ಕೆ."

ಅವಳು ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು. "ಥೂ, ಇಷ್ಟೇಯಾ? ನಾನೊಳ್ಳೆ ಒತ್ತಕ್ಷರ ಒತ್ತಕ್ಷರ ಅಂತ ನಾಲ್ಕು ದಿನ ಅತ್ತೆನಲ್ಲ ಮಾರಾಯ್ರೆ!"

ಆ ಲೆಕ್ಕವನ್ನು ಅಲ್ಲೇ ಕೂತು ಕೊನೆಯ ಪುಟದಲ್ಲಿ ಬರೆಸಿದೆ. 'ಉಳಿ' ಎಂದು ಬರೆದು ಕೈ ತಡೆದು, "ಯಿತು ಅಲ್ವಾ ಅಕ್ಕಾ?" ಎಂದಳು. "ಬೇಡ, ಉಳೀತು ಅಂತಲೇ ಬರಿ" ಎಂದೆ. ಮಾರನೇ ದಿನ ಮೂವರೂ ಒಟ್ಟಿಗೆ ಬಂದೆವು. ಬಸ್ಸಿನಲ್ಲಿ ಗಿರಿಜ ಅವಳ ತೊಡೆಯ ಮೇಲೆ ಮಲಗಿದಳು. ನನಗೆ ಚುರುಕ್ಕೆಂದಿತು. ಒಂದು ಸಲ ನಿಜ ಹೇಳಿಬಿಟ್ಟರೆ ಹೊಟ್ಟೆಕಿಚ್ಚು ಆರುತ್ತದೆ ಎಂದು ನೀವು ತಿಳಿದಿದ್ದರೆ, ಹಾಗೇನಿಲ್ಲ. ನಾಚಿಕೆಯಿಂದ ಸ್ವಲ್ಪ ಸಣ್ಣಗೆ ಉರಿಯುತ್ತದೆ, ಅಷ್ಟೇ.

ಶಾಲೆ ನಡೆಯಿತು. ಏಳರಲ್ಲಿ ಐವರು ಪಾಸಾದರು. ಉಳಿದ ಇಬ್ಬರು ಲೆಕ್ಕದಲ್ಲಿ ಬಿದ್ದರು ಎಂದು ಬರೆಯಲು ಕೈ ತುರಿಸುತ್ತಿದೆ. ಬಿದ್ದದ್ದು ಕನ್ನಡದಲ್ಲಿ.

ಇಷ್ಟೆಲ್ಲ ನೆನೆಯುತ್ತಿರುವಾಗಲೇ ಗೋಡೆಯಾಚೆಯ ಮನೆಯಿಂದ ನೀಲಾ ಬಂದಳು, ಗೊಜ್ಜಿಗೆ ಹಣ್ಣು ಆಯಿತೇ ಎಂದು ಕೇಳಲು. ಮಂಡಿ ಹಿಡಿದುಕೊಂಡು ನನ್ನ ಎದುರಿಗೆ ಕೂತಳು. ಗಿರಿಜಳ ಕಾಗದವನ್ನೇ ಓದಿ ತೋರಿಸಿದೆ. ಮಾಡಿಸಿ ಎಂಬುದನ್ನು ಒತ್ತಿಯೇ ಹೇಳಿದೆ. ಅವಳ ಕಣ್ಣು ನೆಲದ ಮೇಲಿನ ಬೀಜದ ಸಾಲುಗಳ ಮೇಲಿತ್ತು.

"ಹನ್ನೊಂದೈದ್ಲ ಐವತ್ತೈದು" ಎಂದಳು. "ಒಂದು ಉಳೀತು ಅಕ್ಕಾ."

'ಉಳಿಯಿತು' ಎಂಬುದು ಈಗಲೂ ನಾಲಗೆಯ ತುದಿಗೆ ಬಂತು. ನುಂಗಿಕೊಂಡೆ.

"ಅದು ಯಾರಿಗೆ?" ಎಂದೆ.

ಅವಳು ಆ ಬೀಜವನ್ನು ಬೆರಳ ತುದಿಯಲ್ಲಿ ನನ್ನ ಕಡೆಗೆ ನೂಕಿದಳು.