ಹತ್ತನೆಯ ಬಾವಿಗೆ ಕೂಲಿ ಇಲ್ಲ

ಬೆಳಗಿನ ಆರು ಗಂಟೆಗೆ ಇನ್ನೂ ಐದು ನಿಮಿಷವಿದೆ. ಮೂವತ್ತೆಂಟು ಅಡಿ ಆಳದ ಬಾವಿಯೊಳಕ್ಕೆ ಹಗ್ಗದ ತುದಿಗೆ ಕಟ್ಟಿದ ಲಾಟೀನು ಇಳಿಯುತ್ತಿದೆ. ಅಡಿಗೊಂದರಂತೆ ಹಗ್ಗಕ್ಕೆ ಬಟ್ಟೆಯ ಚೂರು ಕಟ್ಟಿದ್ದಾರೆ. ಬೆಳಕು ಕೆಮ್ಮಣ್ಣಿನ ಗೋಡೆ ದಾಟಿ ಬಂಡೆಯ ಮೇಲೆ ಬೀಳುತ್ತದೆ. ಇಪ್ಪತ್ತೊಂಬತ್ತನೆಯ ಚೂರು ಕೈಜಾರುವಾಗ ಬತ್ತಿ ಕುಗ್ಗಿ, ಒಮ್ಮೆ ಮಿಣಕ್ಕೆಂದು ನಂದಿಹೋಗುತ್ತದೆ.

ಆಶೀರ್ವಾದಪ್ಪ ಲಾಟೀನನ್ನು ಮೇಲೆಳೆದುಕೊಂಡು ಗಾಜನ್ನು ಮುಟ್ಟಿ ನೋಡುತ್ತಾರೆ.

"ಏನ್ಲಾ, ಇವತ್ತು ರಜ ನಿಂಗೆ," ಎನ್ನುತ್ತಾರೆ ಹಗ್ಗ ಹಿಡಿಯುವ ಜವರಯ್ಯ. "ನಿಮ್ ದೇವ್ರೇ ದೀಪ ಆರ್ಸಿ ಹೇಳ್ತಾವ್ನೆ."

"ದೇವ್ರು ಆರ್ಸಿಲ್ಲ ಕಣ್ಲಾ. ನಿನ್ನೆ ಬಂಡೆಗೆ ಇಟ್ಟ ಮದ್ದಿನ ಹೊಗೆ ತಳದಾಗೆ ಕೂತೈತೆ. ಹೊಂಗೆ ಸೊಪ್ಪು ತಾ."

ಮಣ್ಣು ಎತ್ತುವ ಮಂಕರಿ ಬುಟ್ಟಿಯ ಗಾತ್ರದ ಸೊಪ್ಪಿನ ಹೊರೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸಿ, ಎತ್ತಿ, ಮತ್ತೆ ಇಳಿಸಿ, ಒಳಗಿನ ಗಾಳಿಯನ್ನು ಕಲಕಬೇಕು. ಅದಕ್ಕೆ ಎರಡು ಗಂಟೆ ಹಿಡಿಯುತ್ತದೆ. ಅಷ್ಟೂ ಹೊತ್ತು ಆಶೀರ್ವಾದಪ್ಪ ಬಾವಿಯ ಬಾಯನ್ನು ನೋಡುವುದಿಲ್ಲ.

ಅರಸೀಕೆರೆಯ ರೈಲ್ವೆ ಗೇಟಿನ ಆಚೆ ಒಂದಂಕಣದ ಹಂಚಿನ ಮನೆಯಲ್ಲಿರುವ ಆಶೀರ್ವಾದಪ್ಪನವರಿಗೆ ಈಗ, ಅಂದರೆ ೧೯೬೩ರ ಮಾರ್ಚಿಗೆ, ಐವತ್ತೆರಡು ವರ್ಷ. ಬಾವಿ ತೋಡುವುದು ತಂದೆಯಿಂದ ಬಂದ ಕೆಲಸ. ಬಾಣಾವರ, ಗಂಡಸಿ, ಜಾವಗಲ್ ಸುತ್ತಿನಲ್ಲಿ ತೆಂಗಿನ ತೋಟದವರಿಗೆ ಇವರ ಹೆಸರು ಗೊತ್ತು, ಮುಖ ಗೊತ್ತಿಲ್ಲ. ಬಾವಿಗೆ ಪೂಜೆ ಮಾಡುವ ದಿನ ಇವರು ಇನ್ನೊಂದು ಬಾವಿಯ ತಳದಲ್ಲಿರುತ್ತಾರೆ. ಮಣ್ಣಾದರೆ ದಿನಕ್ಕೆ ನಾಲ್ಕಡಿ, ಬಂಡೆಯಾದರೆ ಅರ್ಧ ಅಡಿ. ದಿನಕ್ಕೆ ಅರವತ್ತು ಮಂಕರಿ ಮೇಲೆ ಬರುತ್ತದೆ. ಮೊದಲ ಮಂಕರಿಯ ಹೊತ್ತಿಗೆ ತಳದಲ್ಲಿ ಇವರೊಬ್ಬರೇ. ಕೂಲಿಯಾಳು ಎಷ್ಟೇ ಇರಲಿ, ಬೆಳಿಗ್ಗೆ ತಾವು ಇಳಿದು ಉಸಿರಾಡಿ ನೋಡದೆ ಇನ್ನೊಬ್ಬರನ್ನು ಇಳಿಸುವುದಿಲ್ಲ.

ಇದಕ್ಕೆ ಕಾರಣ ೧೯೩೮ರ ಒಂದು ಬೆಳಗು. ಬಾಣಾವರದ ಹತ್ತಿರದ ಬಾವಿಗೆ ತಂದೆ ದೀಪ ಬಿಡದೆ ಇಳಿದರು. ಸದ್ದಿಲ್ಲ ಎಂದು ಚಿಕ್ಕಪ್ಪ ಹಿಂದೆಯೇ ಇಳಿದರು. ಇಬ್ಬರೂ ಜೀವಂತ ಮೇಲೆ ಬರಲಿಲ್ಲ. ಮೇಲೆ ಹಗ್ಗ ಹಿಡಿದಿದ್ದವರು ಆಶೀರ್ವಾದಪ್ಪ. "ಹಗ್ಗ ಸುಮ್ನೆ ಇತ್ತು ಸ್ವಾಮಿ. ಕೆಲ್ಸ ಮಾಡ್ತಾವ್ರೆ ಅಂದ್ಕೊಂಡೆ." ಆಮೇಲೆ ಅವರು ಒಂದು ನಿಯಮ ಮಾಡಿಕೊಂಡರು. ಇಳಿಯುವಾಗ ಗಟ್ಟಿಯಾಗಿ ಒಂದು ಕೀರ್ತನೆ ಹಾಡಬೇಕು. ಹಾಡು ನಿಂತರೆ ಕಾರಣ ಕೇಳದೆ ಮೇಲೆಳೆಯಬೇಕು. ಇಪ್ಪತ್ತೈದು ವರ್ಷದಿಂದ ಅದೇ ಕೀರ್ತನೆ, ಅದೇ ಐದು ಚರಣ. ಕ್ರೈಸ್ತರಲ್ಲದ ಜವರಯ್ಯನವರಿಗೂ ಬಾಯಿಪಾಠ.

ಎರಡನೆಯ ನಿಯಮ ಅವರ ಕ್ರೈಸ್ತ ದೇವಾಲಯದ ಸುಗ್ಗಿ ಹಬ್ಬದಿಂದ ಹುಟ್ಟಿತು. ಸಭೆಯವರು ಆ ದಿನ ರಾಗಿ, ಕುಂಬಳಕಾಯಿ, ತೆಂಗಿನಕಾಯಿ, ಕೋಳಿ ತಂದು ಮುಂದಿಡುತ್ತಾರೆ. ಹೊಲವಿಲ್ಲದ ಆಶೀರ್ವಾದಪ್ಪನವರ ಬಳಿ ಇಡಲು ಏನಿದೆ? ಹತ್ತು ಬಾವಿಗೆ ಒಂದನ್ನು, ತೋಡಿಸಲು ಶಕ್ತಿಯಿಲ್ಲದವರಿಗೆ, ಕೂಲಿಯಿಲ್ಲದೆ ಕೊಡುವುದೆಂದು ಗೊತ್ತುಮಾಡಿಕೊಂಡರು. ಮನೆಯ ಬಾಗಿಲ ಹಿಂಬದಿಯಲ್ಲಿ ಮೊಳೆಯಿಂದ ಗೀಚಿದ ಗೆರೆಗಳಿವೆ. ಎಣಿಸಿದರೆ ಅರವತ್ತೊಂಬತ್ತು. ಹತ್ತಕ್ಕೊಂದು ಗೆರೆಯ ಮೇಲೆ ಅಡ್ಡ ಗೀಟು, ಒಟ್ಟು ಆರು. ಹಗ್ಗದವರ ಕೂಲಿ ಮಾತ್ರ ಹತ್ತನೆಯ ಬಾವಿಯಲ್ಲೂ ಸಲ್ಲುತ್ತದೆ, ಆಶೀರ್ವಾದಪ್ಪನವರ ಕೈಯಿಂದ. "ಕೊಡೋದು ನಾನು. ಅವ್ನ ಹೊಟ್ಟೆ ಮೇಲೆ ಹೊಡ್ದು ಕೊಡೋದಾ?"

"ಇವನ ದೇವ್ರಿಗೆ ಹತ್ತರಾಗೊಂದು ಬಾವಿ ಬೇಕು ಕಣ್ರೀ," ಎಂದು ಜವರಯ್ಯ ನಗುತ್ತಾರೆ. "ನಮ್ ದೇವ್ರಿಗೆ ಒಂದು ಕಾಯಿ ಒಡೆದ್ರೆ ಮುಗೀತು."

ಈಗ ತೋಡುತ್ತಿರುವುದು ಎಪ್ಪತ್ತನೆಯದು. ಜಾವಗಲ್ಲಿನಿಂದ ಬಸ್ಸಿಳಿದು ನಡೆಯಬೇಕಾದ ಒಂದು ಹಳ್ಳಿಯ ಕೇರಿ. ಪತ್ರಿಕೆಯಲ್ಲಿ ಊರ ಹೆಸರು ಹಾಕಬೇಡಿ ಎಂದು ಕೇರಿಯ ಹಿರಿಯ ಕರಿಯಪ್ಪ ನನಗೆ ಕೈಮುಗಿದರು. ಮೂವತ್ತೆರಡು ಮನೆ. ಊರ ಬಾವಿಗೆ ಇವರ ಕೊಡ ಇಳಿಯುವಂತಿಲ್ಲ. ಎರಡು ಮೈಲಿ ದೂರದ ಗುಂಡಿಯ ನೀರೇ ಗತಿ, ಅದೂ ಬೇಸಗೆಯಲ್ಲಿ ಕೆಸರು. "ಬಾವಿ ಆಗೋಗಂಟ ಸುದ್ದಿ ಆಗೋದು ಬ್ಯಾಡ ಬುದ್ಧಿ. ಊರೋರು ಏನಂತಾರೋ," ಎನ್ನುವಾಗ ಅವರ ಕಣ್ಣು ಊರ ಕಡೆಯ ದಾರಿಯ ಮೇಲಿದೆ.

ಎಂಟೂವರೆಗೆ ರಾಹೇಲಮ್ಮ ಬರುತ್ತಾರೆ. ಆಶೀರ್ವಾದಪ್ಪನವರ ಹೆಂಡತಿ. ಬಾವಿಯಲ್ಲಿ ಮದ್ದು ಸಿಡಿಸಿದ್ದಾರೆ ಎಂದು ನಿನ್ನೆ ಸಂಜೆ ಯಾರೋ ಹೇಳಿದ್ದಾರೆ, ಮೊದಲ ಬಸ್ಸಿಗೇ ಹೊರಟಿದ್ದಾರೆ. ಮುದ್ದೆಯ ಗಂಟನ್ನು ಕೆಳಗಿಡುವ ಮೊದಲೇ ಮಾತು ಶುರು.

"ಗಂಡಸಿ ತಾವ ತೋಡಿದ್ರಲ್ಲ, ಅರವತ್ತಾರನೇದು, ಅದು ಬತ್ತೋಯ್ತು. ಬತ್ತಿದ್ದು ಲೆಕ್ಕಕ್ಕಿಲ್ಲ. ಇದು ಹತ್ತನೇದಲ್ಲ, ಒಂಬತ್ತನೇದು. ದೇವ್ರಿಗೆ ಕೊಡೋ ಸರದೀನೇ ಬಂದಿಲ್ಲ. ಏಳಿ, ಮನೇಗೆ ಹೋಗಾನ."

"ನೀರು ಬತ್ತಿರಬೌದು. ಕೂಲಿ ಈಸ್ಕೊಂಡು ಉಂಡಿದ್ದೀವಲ್ಲ."

"ನಿಮ್ಮಪ್ಪಂದೂ ಹಿಂಗೇ ಹಟ."

ಆಶೀರ್ವಾದಪ್ಪ ಲಾಟೀನು ಹೊತ್ತಿಸುತ್ತಾರೆ. ಈ ಸಲ ದೀಪ ತಳ ಮುಟ್ಟಿಯೂ ಉರಿಯುತ್ತದೆ, ಆದರೆ ಮಂಕಾಗಿ. ಪರಲೋಕವನ್ನು ನಂಬಿದವರಿಗೂ ಇಷ್ಟು ಭಯವೇ ಎಂದು ಕೇಳಿದರೆ ಸೊಂಟಕ್ಕೆ ಹಗ್ಗ ಬಿಗಿಯುತ್ತಲೇ ಹೇಳುತ್ತಾರೆ: "ಪರಲೋಕ ಐತೆ ಸ್ವಾಮಿ. ಅಪ್ಪ ಅಲ್ಲವ್ರೆ, ಅದ್ರಾಗೆ ಅನುಮಾನ ಇಲ್ಲ. ಆದ್ರೆ ನಂಬಿಕೆ ಎದೇಲಿರ್ತದೆ, ಭಯ ಮಂಡೀಲಿರ್ತದೆ. ಇಳಿಯೋದು ಮಂಡೀಲಿ ತಾನೆ?"

ರಾಹೇಲಮ್ಮ ಬಾವಿಗೆ ಬೆನ್ನು ಹಾಕಿ ಕೂರುತ್ತಾರೆ. ಮದುವೆಯಾಗಿ ಮೂವತ್ತು ವರ್ಷದಲ್ಲಿ ಗಂಡ ಇಳಿಯುವುದನ್ನು ಒಮ್ಮೆಯೂ ನೋಡಿಲ್ಲ.

ಆಶೀರ್ವಾದಪ್ಪ ಇಳಿಯುತ್ತಾರೆ. ಮೊದಲ ಚರಣ ಮಣ್ಣಿನ ಗೋಡೆಗೆ ಬಡಿದು ಮೇಲೆ ಬರುತ್ತದೆ. ಎರಡನೆಯದು ಬಂಡೆಯ ನಡುವಿನಿಂದ, ದೂರದಿಂದ. ಎರಡನೆಯದು ಮುಗಿಯುತ್ತದೆ. ಮೂರನೆಯದು ಬರುವುದಿಲ್ಲ.

"ಎಳೀರ್ಲಾ!" ಜವರಯ್ಯ ಕಿರುಚುತ್ತಾರೆ. ನಾಲ್ವರು ಹಗ್ಗಕ್ಕೆ ಬೀಳುತ್ತಾರೆ. ರಾಟೆ ಕಿರ್ರೆನ್ನುತ್ತದೆ. ಕರಿಯಪ್ಪ ಎಳೆಯುವ ಬದಲು ನೆಲಕ್ಕೆ ಹಣೆ ಒತ್ತಿದ್ದಾರೆ. ರಾಹೇಲಮ್ಮ ತಿರುಗುವುದಿಲ್ಲ, ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಾರೆ. ಬಂಡೆಗೆ ಮೊಣಕೈ ತರಚಿದ ಆಶೀರ್ವಾದಪ್ಪ ದಡದ ಮೇಲೆ ಬಂದು ಬೀಳುತ್ತಾರೆ. ಕಣ್ಣು ಬಿಟ್ಟಿದೆ. ಉಸಿರು ಸರಿಯಾಗಿದೆ.

"ಏನಾಯ್ತ್ಲಾ?"

"ಏನೂ ಆಗಿಲ್ಲ... ಮೂರನೇ ಚರಣ ಮರ್ತೋಯ್ತು."

ಒಂದು ಕ್ಷಣ ಯಾರಿಗೂ ಅರ್ಥವಾಗುವುದಿಲ್ಲ. ಆಮೇಲೆ ಜವರಯ್ಯ ಹಗ್ಗವನ್ನು ನೆಲಕ್ಕೆ ಎಸೆದು ಬೈಯತೊಡಗುತ್ತಾರೆ: "ನನ್ ಜೀವಾನೇ ಹೋಯ್ತಲ್ಲೋ! ಮರೆತ್ರೆ 'ಲಲಲಾ' ಅನ್ನೋಕಾಗ್ಲಿಲ್ವೇನೋ?" ಯಾರೋ ನಗುತ್ತಾರೆ. ಆಶೀರ್ವಾದಪ್ಪ ನಗುವುದಿಲ್ಲ. ತಂದೆ ಬಿದ್ದಿದ್ದುದೂ ಇಷ್ಟೇ ಆಳದಲ್ಲಿ ಎಂದು ಆಮೇಲೆ ಹೇಳಿದರು. ಸಾವಿರ ಸಲ ಹಾಡಿದ ಸಾಲು ಅಲ್ಲಿ ಬಾಯಿಗೆ ಬರಲಿಲ್ಲ.

ಅವರು ಮತ್ತೆ ಹಗ್ಗಕ್ಕೆ ಕೈ ಹಾಕಿದಾಗ ರಾಹೇಲಮ್ಮ ಎದ್ದು ನಿಲ್ಲುತ್ತಾರೆ. ಕೈಹಿಡಿದು ಮನೆಗೆ ಎಳೆದೊಯ್ಯುತ್ತಾರೆ ಎಂದೇ ಎಲ್ಲರೂ ತಿಳಿದಿದ್ದಾರೆ. ಅವರು ನೇರ ಬಾವಿಯ ಅಂಚಿಗೆ ಬಂದು, ಬಗ್ಗಿ ಕತ್ತಲೆಯನ್ನು ನೋಡಿ, ಅಲ್ಲೇ ಮಂಡಿಯೂರುತ್ತಾರೆ.

"ನಾನು ಚರಣ ಎತ್ಕೊಡ್ತೀನಿ. ನೀವು ಹಿಂದೇನೇ ಅನ್ನಿ. ಒಂದಕ್ಷರ ನುಂಗಿದ್ರೂ ಎಳಿಸ್ತೀನಿ."

"ಇದು ಒಂಬತ್ತನೇದು ಅಂದ್ಯಲ್ಲೇ?"

"ಒಂಬತ್ತನೇದೇ. ಇಳೀರಿ."

ಮೇಲಿನಿಂದ ಹೆಂಗಸಿನ ದನಿ, ಕೆಳಗಿನಿಂದ ಗಂಡಸಿನ ದನಿ. ಐದು ಚರಣ ಮುಗಿದು ಮತ್ತೆ ಮೊದಲಿನಿಂದ. ಮೂರನೆಯ ಸುತ್ತಿನ ಹೊತ್ತಿಗೆ ಬಂಡೆಗೆ ಹಾರೆ ಬೀಳುವ ಸದ್ದು ಕೇಳುತ್ತದೆ. ಹನ್ನೊಂದನೆಯ ಮಂಕರಿಯ ಕಲ್ಲುಚೂರು ಒದ್ದೆಯಾಗಿದೆ. ಕರಿಯಪ್ಪ ಒಂದು ಚೂರನ್ನು ಕೆನ್ನೆಗೆ ಒತ್ತಿಕೊಂಡು ಬಹಳ ಹೊತ್ತು ಹಾಗೆಯೇ ನಿಲ್ಲುತ್ತಾರೆ. ನೀರು ಇನ್ನೂ ಬಂದಿಲ್ಲ. ಆಶೀರ್ವಾದಪ್ಪನವರ ಅಂದಾಜಿನಲ್ಲಿ ಇನ್ನೂ ಆರಡಿ ಬಂಡೆ ಒಡೆಯಬೇಕು, ಕಡಿಮೆಯೆಂದರೆ ಎರಡು ಸಲ ಮದ್ದು ಇಡಬೇಕು. ಅಂದರೆ ಇನ್ನೂ ಹನ್ನೆರಡು ಬೆಳಗು ಇಳಿಯಬೇಕು. ಅಷ್ಟು ದಿನವೂ ರಾಹೇಲಮ್ಮ ಕೇರಿಯಲ್ಲೇ ಉಳಿಯುತ್ತಾರಂತೆ.

ಮಧ್ಯಾಹ್ನ ಹೊಂಗೆಯ ನೆರಳಿನಲ್ಲಿ ಮುದ್ದೆ ಮುರಿಯುತ್ತ ಕೂತಾಗ ನಿಮಗೇನು ಆಸೆಯಿದೆ ಎಂದು ಆಶೀರ್ವಾದಪ್ಪನವರನ್ನು ಕೇಳಿದೆ. ಅವರು ತುತ್ತು ನುಂಗುವವರೆಗೆ ಕಾಯಬೇಕಾಯಿತು.

"ಪರಲೋಕದಾಗೆ ನದಿ ಐತಂತೆ, ನಮ್ಮ ದೇವಾಲಯದ ಅಯ್ನೋರು ಹೇಳ್ತಾರೆ. ಕೇರಿಯೋರು, ಊರೋರು, ಎಲ್ರೂ ಒಂದೇ ದಡದಾಗೆ ಕೂತು ಬೊಗಸೇಲಿ ಕುಡಿಯೋದಂತೆ. ಬಾವಿ ಮಾತ್ರ ಇಲ್ವಂತೆ ಸ್ವಾಮಿ. ಯಾರೂ ಇಳಿಯೋ ಹಂಗಿಲ್ಲ."